ಅಂಕಪಟ್ಟಿಯಲ್ಲಿ ಕಾಣದ ಗುಣ

ಪ್ರಶ್ನೆ: ನನ್ನ ಮಗ ಎಸ್‌ಎಸ್‌ಎಲ್‌ಸಿ ಓದುತ್ತಿದ್ದಾನೆ. ಓದಿನಲ್ಲಿ ಸಾಧಾರಣ. ಸಂಜೆ ಮಗ್ಗದ ಬಳಿ ಅಜ್ಜಿಗೆ ನೂಲಿನ ಕಂಡಿಕೆ ಸುತ್ತಿಕೊಡುತ್ತಾನೆ. ಮೊನ್ನೆ ಕಿರುಪರೀಕ್ಷೆಯಲ್ಲಿ ಕೂಡಿಕೆಯ ತಪ್ಪಿನಿಂದ ಹೆಚ್ಚಾಗಿ ಬಂದಿದ್ದ ನಾಲ್ಕು ಅಂಕಗಳನ್ನು ತಾನೇ ಶಿಕ್ಷಕರಿಗೆ ತಿಳಿಸಿ ಕಡಿಮೆ ಮಾಡಿಸಿಕೊಂಡು ಬಂದ. ನಾನು ಬೈದೆ. ಹೊಗಳಿದರೆ ಓದು ಸಡಿಲವಾದೀತೇ?
– ಒಬ್ಬ ತಾಯಿ, ಇಳಕಲ್

ಉತ್ತರ: ತಾಯಿ, ಸಡಿಲವಾಗದು. ಆ ನಾಲ್ಕು ಅಂಕಗಳನ್ನು ಬಿಟ್ಟುಕೊಟ್ಟು ಬಂದ ಹುಡುಗನಿಗೆ ಮನೆಯಲ್ಲಿ ಬೈಗುಳ ಸಿಕ್ಕಿತಲ್ಲ ಎಂಬುದೇ ನನ್ನನ್ನು ಕಾಡುತ್ತಿದೆ. ಹತ್ತನೆಯ ತರಗತಿಯಲ್ಲಿ ಮನೆಯ ಮಾತೆಲ್ಲ ಅಂಕಗಳ ಸುತ್ತಲೇ ತಿರುಗುವುದರಿಂದ, ಮಕ್ಕಳು ತಮ್ಮ ಬೆಲೆಯೂ ಅಷ್ಟರಲ್ಲೇ ಇದೆಯೆಂದು ನಂಬಿಬಿಡುತ್ತಾರೆ.

‘ಜಾಣ’ ಎಂದಷ್ಟೇ ಹೇಳಬೇಡಿ; ಅವನು ಮಾಡಿದ್ದನ್ನೇ ಹೆಸರಿಸಿ ಹೇಳಿ. ‘ಅವತ್ತು ಬೈದದ್ದು ನನ್ನ ತಪ್ಪು, ನೀ ಖರೇ ಹೇಳಿದ್ದು ನನಗ ಹೆಮ್ಮೆ’ ಎಂದು, ಸಾಧ್ಯವಾದರೆ ಅಜ್ಜಿಯ ಎದುರಿಗೇ, ಇಂದೇ ಹೇಳಿ. ಇಳಕಲ್ ಸೀರೆಯ ಒಡಲಿಗೆ ಸೆರಗನ್ನು ಕೂಡಿಸುವ ಕೊಂಡಿಯ ಕೆಲಸದಲ್ಲಿ ಎಷ್ಟು ತಾಳ್ಮೆ ಬೇಕೆಂಬುದನ್ನು ನೀವು ಬಲ್ಲಿರಿ. ಅಂಥ ಮನೆಯಲ್ಲಿ ಬೆಳೆದವನ ತಾಳ್ಮೆ ಓದಿಗೂ ಒದಗುತ್ತದೆ. ಓದಿನ ವೇಳೆಯನ್ನು ಮಾತ್ರ ಅವನೊಡನೆ ಕುಳಿತು ಬೇರೆಯಾಗಿ ಗೊತ್ತುಮಾಡಿಕೊಳ್ಳಿ. ಹೊಗಳಿದ ಉಸಿರಿನಲ್ಲೇ ‘ಆದರೆ ಗಣಿತ’ ಎನ್ನಬೇಡಿ.