ಗದಗಿನಿಂದ ಬಂದ ನಕ್ಷತ್ರಗುಚ್ಛದ ಲೇಖನಕ್ಕೆ ಉತ್ತರ

ನಮಸ್ಕಾರ ಸರ್,

ಆಕಾಶಗಂಗೆಯ ತಟ್ಟೆಯಲ್ಲಿ ಯಾವ ಧಾತು ಎಲ್ಲಿ ಜಾಸ್ತಿ, ಎಲ್ಲಿ ಕಡಿಮೆ ಎಂದು ನಕ್ಷತ್ರಗುಚ್ಛಗಳಿಂದ (ಒಟ್ಟಿಗೆ ಹುಟ್ಟಿ ಒಟ್ಟಿಗಿರುವ ನಕ್ಷತ್ರಗಳ ಗುಂಪುಗಳಿಂದ) ತಿಳಿಯುವ ಬಗೆ ಕುರಿತ ನಿಮ್ಮ ಲೇಖನ ಓದಿದೆ. ಕನ್ನಡದಲ್ಲಿ ಈ ವಿಷಯ ಬರುವುದೇ ಅಪರೂಪ. ಭಾಷೆ ಚೆನ್ನಾಗಿದೆ. ಶಾಲೆಯ ಮೈದಾನದಲ್ಲಿ ಮಕ್ಕಳಿಗೆ ಕೃತ್ತಿಕೆ ತೋರಿಸಿದ ಭಾಗ ಹಾಗೇ ಇರಲಿ. ಆದರೆ ಈಗಿರುವಂತೆ ನಮ್ಮ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ನನಗೆ ಸಿಟ್ಟು ತರಿಸಿದ್ದು ಮೂರು ಸಾಲು.

ಮೊದಲನೆಯದು: "ಅಂಚಿನ ಗುಚ್ಛಗಳಲ್ಲಿ ಕಬ್ಬಿಣ ಕಡಿಮೆ ಎಂದು ವಿಜ್ಞಾನಿಗಳು ಕಂಡುಹಿಡಿದಿದ್ದಾರೆ." ಹೇಗೆ ಕಂಡುಹಿಡಿದರು? ಸಾವಿರಾರು ಜ್ಯೋತಿರ್ವರ್ಷ ದೂರದ ಕಬ್ಬಿಣವನ್ನು ಯಾರು ತೂಗಿದರು? ನಕ್ಷತ್ರದ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿದರೆ ನಡುವೆ ಕಪ್ಪು ಗೆರೆಗಳು ಕಾಣುತ್ತವೆ. ಕಬ್ಬಿಣಕ್ಕೆ ಅದರದ್ದೇ ಗೆರೆಗಳಿವೆ. ಹಾಗಂತ ಗೆರೆ ದಟ್ಟವಾಗಿದ್ದರೆ ಕಬ್ಬಿಣ ಜಾಸ್ತಿ ಎಂದು ನೇರವಾಗಿ ಹೇಳುವಂತಿಲ್ಲ. ನಕ್ಷತ್ರ ಎಷ್ಟು ಬಿಸಿ ಎಂಬುದರ ಮೇಲೂ ಗೆರೆ ಬದಲಾಗುತ್ತದೆ. ಗುಚ್ಛ ನೆರವಿಗೆ ಬರುವುದು ಇಲ್ಲೇ. ಅದರ ನಕ್ಷತ್ರಗಳೆಲ್ಲ ಒಂದೇ ಅನಿಲದ ಮೋಡದಿಂದ ಹುಟ್ಟಿದವು, ಕಬ್ಬಿಣದ ಪಾಲೂ ಹೆಚ್ಚುಕಡಿಮೆ ಒಂದೇ. ಹಲವು ನಕ್ಷತ್ರಗಳನ್ನು ಅಳೆದು ಒಂದಕ್ಕೊಂದು ತಾಳೆ ನೋಡಬಹುದು. ಇದನ್ನೇ ನೀವು ಬರೆದಿಲ್ಲ!

ಎರಡನೆಯದು: "ಎಂ67 ಗುಚ್ಛದ ವಯಸ್ಸು ಸುಮಾರು 400 ಕೋಟಿ ವರ್ಷ ಎಂದು ಅಂದಾಜಿಸಲಾಗಿದೆ." ಅಂಕಿ ಸರಿ, ಆದರೆ ಅಂದಾಜು ಬಂದದ್ದು ಎಲ್ಲಿಂದ? ಒಂದೇ ದಿನ ಬಿತ್ತಿದ ಜೋಳದ ಹೊಲ ನೋಡಿದರೆ ಬೆಳೆಗೆ ಎಷ್ಟು ದಿನವಾಯಿತು ಎಂದು ರೈತ ಹೇಳುತ್ತಾನೆ. ದಾರಿಬದಿಯ ಒಂಟಿ ದಂಟಿನ ವಯಸ್ಸು ಹೇಳುವುದು ಕಷ್ಟ. ಗುಚ್ಛದಲ್ಲೂ ಅಷ್ಟೆ, ಭಾರದ ನಕ್ಷತ್ರಗಳು ಬೇಗ ಇಂಧನ ಮುಗಿಸಿ, ಉಬ್ಬಿ ಕೆಂಪು ದೈತ್ಯಗಳಾಗುತ್ತವೆ. ಯಾವ ತೂಕದವು ಈಗ ಉಬ್ಬತೊಡಗಿವೆ ಎಂದು ನೋಡಿದರೆ ವಯಸ್ಸು ಸಿಗುತ್ತದೆ. ಎಂ67ರಲ್ಲಿ ಸೂರ್ಯನಿಗಿಂತ ತುಸು ಭಾರದವುಗಳ ಸರದಿ ಬಂದಿದೆ.

ನಾನು ಹುಬ್ಬಳ್ಳಿಯ ಒಂದು ಪ್ರೆಸ್ಸಿನಲ್ಲಿ ಪ್ರೂಫ್ ನೋಡುತ್ತ ಕೆಲಸ ಕಲಿತವನು. ಅಲ್ಲಿನ ಹಿರಿಯ ಸಂಪಾದಕರು ಯಾವ ಲೇಖನ ಬಂದರೂ ಅಂಚಿನಲ್ಲಿ ಕೆಂಪು ಪೆನ್ಸಿಲ್‌ನಿಂದ "ಹೆಂಗ ಗೊತ್ತಾತು?" ಎಂದು ಗೀಚುತ್ತಿದ್ದರು. ಈ ಸಲ ಮಳೆ ಕಡಿಮೆ ಎಂದು ಯಾರಾದರೂ ಬರೆದರೆ, ಯಾವ ಊರಿನಲ್ಲಿ ಅಳೆದದ್ದು, ಅಳೆದವರು ಯಾರು ಎಂದು ಕೇಳಿ ನಾನು ಕಾರ್ಡು ಹಾಕಬೇಕಿತ್ತು. ಉತ್ತರ ಬರುವ ತನಕ ಲೇಖನ ಮೊಳೆ ಜೋಡಿಸುವವರ ಕೈಗೆ ಹೋಗುತ್ತಿರಲಿಲ್ಲ. ಕೆಲವರು ಬೈದು ಬರೆಯುತ್ತಿದ್ದರು. ಸಂಪಾದಕರು ಅದನ್ನು ಓದಿ ಮಡಚಿಟ್ಟು, ಮತ್ತೊಂದು ಕಾರ್ಡು ಹಾಕು ಎನ್ನುತ್ತಿದ್ದರು.

ಮೂರನೆಯ ಸಾಲು ನನಗೆ ಎಲ್ಲಕ್ಕಿಂತ ಜಾಸ್ತಿ ಚುಚ್ಚಿತು: "ಕೇಂದ್ರದಿಂದ ಹೊರಗೆ ಹೋದಂತೆ ಕಬ್ಬಿಣ ಒಂದೇ ಸಮನೆ ಇಳಿಯುತ್ತದೆ." ಇಳಿಯುವುದು ನಿಜ. ಸೂರ್ಯನ ಆಚೀಚೆಯ ಭಾಗದಲ್ಲಿ 3,260 ಜ್ಯೋತಿರ್ವರ್ಷಕ್ಕೆ ಸುಮಾರು ಶೇ. 11ರಿಂದ 15ರಷ್ಟು. ಒಳಗೆ ಅನಿಲ ದಟ್ಟ. ಅಲ್ಲಿ ನಕ್ಷತ್ರಗಳು ಬೇಗ ಹುಟ್ಟಿ, ಸತ್ತು, ಕಬ್ಬಿಣ ಬಿಟ್ಟುಹೋದವು. ಆದರೆ ತೀರಾ ಹೊರಗೆ ಹೋದರೆ ಆ ಇಳಿಜಾರು ಹೆಚ್ಚುಕಡಿಮೆ ಸಮತಟ್ಟಾಗುತ್ತದೆ. ಇನ್ನು ಅಭಿಜಿತ್ ನಕ್ಷತ್ರವಿರುವ ಲೈರಾ ಪುಂಜದ ಎನ್‌ಜಿಸಿ 6791 ಎಂಬ ಗುಚ್ಛ ಇದೆಯಲ್ಲ, ಅದರ ವಯಸ್ಸು ಸುಮಾರು 800 ಕೋಟಿ ವರ್ಷ. ನಕ್ಷತ್ರಗಳು ಸತ್ತಂತೆ ಕಬ್ಬಿಣ ಕೂಡುತ್ತಾ ಬರುತ್ತದೆ, ಹಾಗಾಗಿ ಅಷ್ಟು ಹಳೆಯದರಲ್ಲಿ ಅದು ಕಡಿಮೆ ಇರಬೇಕಿತ್ತು, ಅಲ್ವಾ? ಅದರಲ್ಲಿರುವುದು ಸೂರ್ಯನ ಎರಡು ಪಟ್ಟಿಗೂ ಜಾಸ್ತಿ. ಕೇಂದ್ರದಿಂದ ಅದು ಇರುವ ದೂರವೋ ಹೆಚ್ಚುಕಡಿಮೆ ನಮ್ಮಷ್ಟೇ. ಅದು ಒಳಗೆಲ್ಲೋ ಹುಟ್ಟಿ ಹೊರಗೆ ಸರಿದು ಬಂದಿರಬೇಕು ಎಂಬ ವಾದ ಬಲವಾಗಿದೆ. ಅಂದರೆ ಗುಚ್ಛ ಈಗಿರುವ ಜಾಗವೇ ಅದು ಹುಟ್ಟಿದ ಜಾಗ ಎಂದುಕೊಳ್ಳುವಂತಿಲ್ಲ. ಇಷ್ಟು ದೊಡ್ಡ ತಕರಾರನ್ನು ನೀವು "ಒಂದೇ ಸಮನೆ" ಎಂಬ ಎರಡು ಪದದಲ್ಲಿ ಮುಚ್ಚಿಬಿಟ್ಟಿರಿ. ನನಗಂತೂ ಲೇಖನದ ಜೀವ ಅಲ್ಲೇ ಇದೆ.

ದಯವಿಟ್ಟು ಮತ್ತೆ ಬರೆಯಿರಿ. ಕೊನೆಯ ಎರಡು ಪುಟದ ವಿಸ್ಮಯ ತೆಗೆದು, ಆ ಜಾಗವನ್ನು ಎನ್‌ಜಿಸಿ 6791ಕ್ಕೆ ಕೊಡಿ. 2013ರಲ್ಲಿ ಹಾರಿಸಿದ ಗಯಾ ದೂರದರ್ಶಕ ಗುಚ್ಛಗಳ ದೂರ ಅಳೆದ ಬಗೆಗೂ ಒಂದು ಪ್ಯಾರಾ ಇರಲಿ. ದೂರವೇ ಗೊತ್ತಿಲ್ಲದಿದ್ದರೆ ಒಳಗೆ ಯಾವುದು, ಹೊರಗೆ ಯಾವುದು? ಬಣ್ಣದ ಚಿತ್ರ ಬೇಡ. ಕೇಂದ್ರದಿಂದ ದೂರ ಅಡ್ಡಕ್ಕೆ, ಕಬ್ಬಿಣ ಉದ್ದಕ್ಕೆ ಇರುವ ಒಂದು ಗ್ರಾಫ್ ಕೈಯಲ್ಲೇ ಗೆರೆ ಎಳೆದು ಕಳಿಸಿದರೂ ಸಾಕು, ಇಲ್ಲಿ ಧಾರವಾಡದಲ್ಲಿ ನಮ್ಮ ಹುಡುಗರು ಚೊಕ್ಕ ಮಾಡಿಕೊಳ್ಳುತ್ತಾರೆ.