ಕಂಡಕ್ಟರ್ ಆಗ್ತೀನಿ ಅನ್ನೋ ಹುಡುಗಿಗೆ ಏನು ಹೇಳಲಿ?

ಪ್ರಶ್ನೆ: ಬೀದರ್‌ನಲ್ಲಿರೋ ನನ್ನ ತಂಗಿಯ ಮಗಳಿಗೆ 14 ವರ್ಷ. ಚರ್ಚ್‌ನಲ್ಲಿ ಕೀಬೋರ್ಡ್ ನುಡಿಸ್ತಾಳೆ. ಯೂಟ್ಯೂಬ್ ನೋಡಿ ನೋಡಿ ಈಗ ಪಾಶ್ಚಾತ್ಯ ಸಂಗೀತದ ಆರ್ಕೆಸ್ಟ್ರಾ ಮುಂದೆ ನಿಂತು ವಾದ್ಯದವರನ್ನೆಲ್ಲ ನಡೆಸೋ ಕಂಡಕ್ಟರ್ ಆಗ್ತೀನಿ ಅಂತ ಹಟ ಹಿಡಿದಿದ್ದಾಳೆ. ಒಂದು ಕಡ್ಡಿ ಬೀಸೋದರಲ್ಲಿ ಅಂಥದ್ದೇನಿದೆ? ಅದನ್ನೇ ನಂಬಿಕೊಂಡು ದೇಶ ವಿದೇಶದಲ್ಲಿ ಬದುಕೋಕೆ ಆಗುತ್ತಾ?

ಉತ್ತರ: ಮೊದಲೇ ಹೇಳಿಬಿಡ್ತೀನಿ, ನಾನು ಆರ್ಕೆಸ್ಟ್ರಾದವನಲ್ಲ. ಕಲಬುರಗಿಯವನು, ಮದುವೆ ಬ್ಯಾಂಡಿನ ಮಾಸ್ತರನ ಮಗ. ಹತ್ತು ಹನ್ನೆರಡು ವರ್ಷ ಅಪ್ಪನ ಬ್ಯಾಂಡಿನಲ್ಲೇ ಕ್ಲಾರಿನೆಟ್ ಊದಿದೆ. ಆಮೇಲೆ ನೌಕರಿಗೆ ಅಂತ ಮುಂಬೈಗೆ ಹೋದಾಗ ಅಲ್ಲಿನ ಎನ್‌ಸಿಪಿಎ ರಂಗಮಂದಿರದಲ್ಲಿ ಸಿಂಫನಿ, ಅಂದರೆ ದೊಡ್ಡ ಆರ್ಕೆಸ್ಟ್ರಾಕ್ಕೆ ಅಂತ ಬರೆದ ಸಂಗೀತ, ಕೇಳುವ ಚಟ ಹತ್ತಿತು. ಕಡ್ಡಿ ಯಾಕೆ ಬೇಕು ಅನ್ನೋದು ನನಗೆ ಮುಂಬೈಗಿಂತ ಮೊದಲು ಕಲಬುರಗಿಯ ರಸ್ತೆಯಲ್ಲೇ ಗೊತ್ತಾಗಿತ್ತು.

ಸೂಪರ್ ಮಾರ್ಕೆಟ್‌ನಿಂದ ಜಗತ್ ಸರ್ಕಲ್ ಕಡೆ ಬರಾತ್ (ಮದುವೆ ಮೆರವಣಿಗೆ) ಹೊರಟಿದೆ ಅಂದುಕೊಳ್ಳಿ. ಮುಂದೆ ಕ್ಲಾರಿನೆಟ್, ಟ್ರಂಪೆಟ್. ನಡುವೆ ಕುಣಿಯುವ ಹುಡುಗರು, ಎರಡೂ ಬದಿಗೆ ತಲೆ ಮೇಲೆ ಲೈಟ್ ಹೊತ್ತವರು. ತೀರಾ ಹಿಂದೆ ದೊಡ್ಡ ಡ್ರಮ್ಮು, ಅದರ ಬೆನ್ನಿಗೆ ಜನರೇಟರ್ ಗಾಡಿ. ಮುಂದಿನವನಿಂದ ಹಿಂದಿನವನಿಗೆ 30 ಮೀಟರ್ ಅಂತರ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ನಾನು ಊದಿದ್ದು ಡ್ರಮ್ಮಿನವನಿಗೆ ಮುಟ್ಟಿ, ಅವನು ಅದನ್ನು ಕೇಳಿ ಬಾರಿಸಿ, ಆ ಪೆಟ್ಟು ತಿರುಗಿ ನನ್ನ ಕಿವಿಗೆ ಬರುವಷ್ಟರಲ್ಲಿ 0.18 ಸೆಕೆಂಡ್ ಕಳೆದಿರುತ್ತದೆ. ಕುಣಿತದ ಹಾಡಿನಲ್ಲಿ ಒಂದು ಪೆಟ್ಟಿಗೂ ಇನ್ನೊಂದಕ್ಕೂ ನಡುವೆ ಇರೋದೇ ಅರ್ಧ ಸೆಕೆಂಡು. ಅದರಲ್ಲಿ ಮೂರನೇ ಒಂದು ಪಾಲು ಗಾಳಿಯಲ್ಲೇ ಖರ್ಚು. ಹೀಗಾಗಿ ಒಬ್ಬರನ್ನೊಬ್ಬರು ಕೇಳಿಕೊಂಡು ನುಡಿಸಿದರೆ ಹಾಡು ತಾನಾಗೇ ಎಳೆದುಕೊಂಡು ಹೋಗುತ್ತದೆ.

ಅದಕ್ಕೇ ನಮ್ಮಪ್ಪ ಹಿಮ್ಮುಖ ನಡೆಯುತ್ತಿದ್ದ. ಕ್ಲಾರಿನೆಟ್ಟಿನ ಬಾಯಿ ಮೇಲಕ್ಕೆತ್ತಿ ಒಮ್ಮೆ ಉಸಿರೆಳೆದರೆ ಸಾಕು, ಹಿಂದಿನವನ ಕೋಲು ಅದೇ ಹೊತ್ತಿಗೆ ಮೇಲೇಳುತ್ತಿತ್ತು. ಹೊಸ ಹುಡುಗರಿಗೆ ಅಪ್ಪ ಹೇಳುತ್ತಿದ್ದದ್ದು ಒಂದೇ ಮಾತು: "ಕಿವಿಲೆ ಬಾರಿಸ್ಬ್ಯಾಡೋ, ಕಣ್ಣಿಲೆ ಬಾರಿಸು. ಕೇಳಿ ಬಾರಿಸ್ಲತ್ತಿ ಅಂದ್ರ ತಡಾ ಆಗೇ ಆಗ್ತದ." ಒಂದು ಸಲ ಹಾಗೇ ಹಿಂದೆ ಹಿಂದೆ ಹೋಗಿ ಮೊಣಕಾಲತನ ಗಟಾರದಲ್ಲಿ ಇಳಿದ. ಕ್ಲಾರಿನೆಟ್ ಮಾತ್ರ ಮೇಲೇ ಇತ್ತು, ಹಾಡೂ ನಿಲ್ಲಲಿಲ್ಲ.

ಈ ಕಸುಬಿನಲ್ಲಿ ಕಾಲಿಗೆ ಪೆಟ್ಟಾಗೋದು ಹಳೇ ಕಥೆ. ಕಡ್ಡಿ ರೂಢಿಗೆ ಬರುವ ಮೊದಲು ಉದ್ದನೆಯ ಕೋಲನ್ನು ನೆಲಕ್ಕೆ ಕುಟ್ಟಿ ತಾಳ ಕೊಡುತ್ತಿದ್ದರು. ಫ್ರಾನ್ಸಿನ ರಾಜನ ಆಸ್ಥಾನದ ಸಂಗೀತಗಾರ ಲುಲ್ಲಿ 1687ರಲ್ಲಿ ಆ ಕೋಲನ್ನು ತನ್ನ ಕಾಲಿಗೇ ಕುಟ್ಟಿಕೊಂಡ. ಗಾಯ ಕೊಳೆತು ಅದೇ ವರ್ಷ ಸತ್ತ.

ದೊಡ್ಡ ಆರ್ಕೆಸ್ಟ್ರಾದಲ್ಲಿ 80ರಿಂದ 100 ಜನ, ವೇದಿಕೆಯ ತುದಿಯಿಂದ ತುದಿಗೆ ಹದಿನೈದು ಇಪ್ಪತ್ತು ಮೀಟರ್. ತಾಪತ್ರಯ ನಮ್ಮ ಬರಾತಿನದ್ದೇ. ನೋಡುವವರು ಕಡ್ಡಿ ಕೆಳಗೆ ಬೀಳೋದನ್ನು ನೋಡ್ತಾರೆ. ನುಡಿಸುವವರಿಗೆ ಮುಖ್ಯ ಅದು ಮೇಲೇರುವ ಗಳಿಗೆ. ಎಷ್ಟು ವೇಗ, ಎಷ್ಟು ಜೋರು, ಮೆತ್ತಗೋ ಚುರುಕಾಗೋ, ಎಲ್ಲಾ ಆ ಒಂದು ಎತ್ತುವಿಕೆಯಲ್ಲಿ ಹೇಳಿ ಮುಗಿದಿರಬೇಕು. ತಬಲಾದವನು ಸಮ್‌ಗೆ, ಅಂದರೆ ತಾಳದ ಮೊದಲ ಪೆಟ್ಟಿಗೆ, ಬೀಳುವ ಮೊದಲು ಗವಾಯಿಗಳ ಮುಖ ನೋಡ್ತಾನಲ್ಲ, ಆ ನೋಟವನ್ನು ನೂರು ಜನಕ್ಕೆ ಒಟ್ಟಿಗೆ ಕೊಡೋದು ಅಂದುಕೊಳ್ಳಿ. ಒಮ್ಮೆ ನನಗೆ ಪಕ್ಕದ ಬಾಲ್ಕನಿಯಲ್ಲಿ ಸೀಟು ಸಿಕ್ಕು ಕಂಡಕ್ಟರನ ಮುಖ ಕಾಣುತ್ತಿತ್ತು. ಬಲಗೈ ತಾಳ ಹಾಕುತ್ತಿದ್ದರೆ ಅವನ ಕಣ್ಣು ತಾಳದ ಕಡೆ ಇರಲೇ ಇಲ್ಲ. ನಾಲ್ಕು ತಾಳದ ಆಚೆ ನುಡಿಸಬೇಕಾದ ಹಾರ್ನ್ ಅನ್ನೋ ಊದುವ ವಾದ್ಯದವರ ಕಡೆ ಆಗಲೇ ತಿರುಗಿತ್ತು.

ಇನ್ನು ಸ್ಕೋರ್, ಅಂದರೆ ಎಲ್ಲಾ ವಾದ್ಯಗಳ ಸ್ವರ ಒಟ್ಟಿಗೆ ಬರೆದಿರುವ ಪುಸ್ತಕ. ಒಂದೇ ಪುಟದಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಾಲು, ಎಲ್ಲಾ ಒಟ್ಟಿಗೆ ಓದಬೇಕು. ನಾನು ಊದುತ್ತಿದ್ದ ಬಿ-ಫ್ಲಾಟ್ ಕ್ಲಾರಿನೆಟ್‌ಗೆ ಸಿ ಸ್ವರ ಅಂತ ಬರೆದಿದ್ದರೆ ಪಿಯಾನೋದ ಬಿ-ಫ್ಲಾಟ್ ಸ್ವರ ಕೇಳುತ್ತದೆ. ಎಫ್ ಹಾರ್ನ್‌ನಲ್ಲಿ ಅದೇ ಸಿ ಕೆಳಗಿನ ಎಫ್ ಆಗುತ್ತದೆ. ಇದೆಲ್ಲಾ ತಲೆಯಲ್ಲೇ ಲೆಕ್ಕ ಆಗಬೇಕು, ಅದೂ ಸಂಗೀತ ಓಡುತ್ತಿರುವಾಗ.

ಒಪೆರಾ ಅಂದರೆ ಹಾಡಿನಲ್ಲೇ ನಡೆಯುವ ನಾಟಕ, ಬ್ಯಾಲೆ ಅಂದರೆ ಕುಣಿತದಲ್ಲೇ ನಡೆಯುವ ಕಥೆ. ಅವಕ್ಕೆ ಬಂದರೆ ಇನ್ನೂ ಫಜೀತಿ. ಆರ್ಕೆಸ್ಟ್ರಾ ವೇದಿಕೆಯ ಮುಂದಿನ ಗುಂಡಿಯಲ್ಲಿ ಕೂತಿರುತ್ತದೆ, ಹಾಡುವವರು ಮೇಲೆ. ಅವರು ಹಾಡುತ್ತಲೇ ಓಡಬೇಕು, ಮೆಟ್ಟಿಲು ಹತ್ತಬೇಕು, ಸಾಯಬೇಕು. ಯಾರಿಗೆ ಎಲ್ಲಿ ಉಸಿರು ಸಾಲುವುದಿಲ್ಲ ಅನ್ನೋದು ಕಂಡಕ್ಟರಿಗೆ ಮೊದಲೇ ಗೊತ್ತಿರಬೇಕು. ಬ್ಯಾಲೆಯಲ್ಲಿ ಉಸಿರಿನ ಬದಲು ಕಾಲು. ಚೈಕೋವ್‌ಸ್ಕಿಯ 'ಸ್ವಾನ್ ಲೇಕ್'ನಲ್ಲಿ ನರ್ತಕಿ ಒಂದೇ ಕಾಲಿನ ಮೇಲೆ 32 ಸುತ್ತು ತಿರುಗುವ ಜಾಗ ಇದೆ. ಇಪ್ಪತ್ತನೇ ಸುತ್ತಿಗೆ ಆಕೆ ದಣಿದಳೋ ಹುಮ್ಮಸ್ಸಿನಲ್ಲಿದ್ದಾಳೋ ನೋಡಿ ತಾಳ ಒಂದು ಕೂದಲೆಳೆಯಷ್ಟು ಸರಿಸಬೇಕು. ಗಾಳಿಗೆ ಜಿಗಿದವಳನ್ನು ಇನ್ನೊಂದು ಮಾತ್ರೆ ಅಲ್ಲೇ ಇರು ಅನ್ನೋಕಾಗಲ್ಲವಲ್ಲ! ಸಿಂಫನಿ ಮಾಡುವವರಲ್ಲಿ ಕೆಲವರು ಬ್ಯಾಲೆ ಕಂಡಕ್ಟರ್‌ಗಳನ್ನು ಒಂದು ಮೆಟ್ಟಿಲು ಕೆಳಗೆ ನೋಡ್ತಾರೆ. ನನಗೆ ಅದು ಶುದ್ಧ ಸೊಕ್ಕು ಅನ್ನಿಸುತ್ತದೆ.

ಬದುಕು ಆಗುತ್ತಾ ಅಂದ್ರಿ. ಆಗಿದೆ, ನಮ್ಮ ದೇಶದವರಿಗೇ ಆಗಿದೆ. ಜುಬಿನ್ ಮೆಹ್ತಾ 1936ರಲ್ಲಿ ಮುಂಬೈನಲ್ಲಿ ಹುಟ್ಟಿದವರು. ಅವರ ಅಪ್ಪ ಮೆಹ್ಲಿ ಮೆಹ್ತಾ ಪಿಟೀಲುಗಾರರು, ಬಾಂಬೆ ಸಿಂಫನಿ ಕಟ್ಟಿದವರು. ಜುಬಿನ್ ಡಾಕ್ಟರಾಗೋ ಓದು ಅರ್ಧಕ್ಕೆ ಬಿಟ್ಟು 18ಕ್ಕೆ ವಿಯೆನ್ನಾ ಸೇರಿದರು. ಅಲ್ಲಿ ಹಾನ್ಸ್ ಸ್ವರೋವ್‌ಸ್ಕಿ ಹತ್ತಿರ ಕಂಡಕ್ಟಿಂಗ್ ಕಲಿತರು, ಜೊತೆಗೆ ಡಬಲ್ ಬಾಸ್ ನುಡಿಸಿದರು. 1958ರಲ್ಲಿ ಲಿವರ್‌ಪೂಲ್ ಸ್ಪರ್ಧೆ ಗೆದ್ದರು. 1962ಕ್ಕೆ, ಇನ್ನೂ 26 ವರ್ಷ, ಮಾಂಟ್ರಿಯಲ್ ಮತ್ತು ಲಾಸ್ ಏಂಜಲಿಸ್ ಎರಡೂ ಆರ್ಕೆಸ್ಟ್ರಾಗಳು ಅವರ ಕೈಲಿದ್ದವು. 1978ರಿಂದ 1991ರವರೆಗೆ ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್ ಆರ್ಕೆಸ್ಟ್ರಾ, 1998ರಿಂದ 2006ರವರೆಗೆ ಮ್ಯೂನಿಕ್‌ನ ಬವೇರಿಯನ್ ಸ್ಟೇಟ್ ಒಪೆರಾ, ಇದರ ಜೊತೆಗೆ 2019ರವರೆಗೆ ಇಸ್ರೇಲ್ ಫಿಲ್‌ಹಾರ್ಮೋನಿಕ್. ದೊಡ್ಡ ಕಂಡಕ್ಟರ್‌ಗಳು ಹೀಗೇ ಒಂದಕ್ಕಿಂತ ಹೆಚ್ಚು ಊರಿನಲ್ಲಿ ಹುದ್ದೆ ಇಟ್ಟುಕೊಂಡಿರ್ತಾರೆ. ವರ್ಷದಲ್ಲಿ ಕೆಲವು ವಾರ ಇಲ್ಲಿ, ಕೆಲವು ವಾರ ಅಲ್ಲಿ, ಉಳಿದಂತೆ ಅತಿಥಿಯಾಗಿ ಇನ್ನೆಲ್ಲೋ. ಮನೆಯ ಊಟ ಅಪರೂಪ.

ಆದರೆ ಮೆಹ್ತಾ ಅವರ ದಾರಿ ತೋರಿಸಿ ಹುಡುಗಿಗೆ ಆಸೆ ಹುಟ್ಟಿಸಬೇಡಿ. ಹೆಚ್ಚಿನವರು ಬರೋದು ಹಿಂಬಾಗಿಲಿನಿಂದ. ಒಪೆರಾ ಮನೆಯಲ್ಲಿ ಗಾಯಕರಿಗೆ ಪಾಠ ಮಾಡಿಸುವ ಪಿಯಾನೋದವರು ಇರ್ತಾರೆ. ಇಡೀ ಆರ್ಕೆಸ್ಟ್ರಾದ ಸಂಗೀತವನ್ನು ಪಿಯಾನೋ ಮೇಲೆ ಇಳಿಸಿ ತಿಂಗಳಗಟ್ಟಲೆ ರಿಹರ್ಸಲ್ ಮಾಡಿಸುತ್ತಾರೆ. ಮುಂದೆ ಹೆಸರಾಂತ ಕಂಡಕ್ಟರ್ ಆದ ಜಾರ್ಜ್ ಶೋಲ್ಟಿ ಬುಡಾಪೆಸ್ಟ್‌ನಲ್ಲಿ ಅದೇ ಕೆಲಸ ಮಾಡಿದವರು. ಜರ್ಮನ್ ಕಂಡಕ್ಟರ್ ಟೀಲೆಮಾನ್ 19ನೇ ವಯಸ್ಸಿಗೆ ಬರ್ಲಿನ್‌ನಲ್ಲಿ ಅಲ್ಲಿಂದಲೇ ಶುರು ಮಾಡಿದರು. ಜರ್ಮನಿಯಲ್ಲಿ ಸುಮಾರು 130 ವೃತ್ತಿಪರ ಆರ್ಕೆಸ್ಟ್ರಾಗಳಿವೆ, ಸಣ್ಣ ಸಣ್ಣ ಊರಿನಲ್ಲೂ ಒಪೆರಾ ಇದೆ. ಹಾಗಾಗಿ ಈ ಏಣಿ ಅಲ್ಲಿ ಇನ್ನೂ ನಿಂತಿದೆ.

ಇನ್ನೊಂದು ದಾರಿ ಬೇರೆಯವರ ಜ್ವರ. 1943ರ ನವೆಂಬರ್ 14ರಂದು ಕಂಡಕ್ಟರ್ ಬ್ರೂನೋ ವಾಲ್ಟರ್ ಫ್ಲೂನಿಂದ ಮಲಗಿದರು. ಸಹಾಯಕನಾಗಿದ್ದ 25ರ ಲಿಯೊನಾರ್ಡ್ ಬರ್ನ್‌ಸ್ಟೀನ್ ರಿಹರ್ಸಲ್ ಇಲ್ಲದೇ ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್ ಮುಂದೆ ನಿಂತ. ಮರುದಿನ ಪೇಪರಿನ ಮುಖಪುಟದಲ್ಲಿದ್ದ. ಮುಂದೆ ದೊಡ್ಡ ಕಂಡಕ್ಟರ್ ಆದ ಟೊಸ್ಕನೀನಿ 1886ರಲ್ಲಿ ರಿಯೊ ಡಿ ಜನೈರೊದಲ್ಲಿ ಚೆಲ್ಲೊ ನುಡಿಸುತ್ತಿದ್ದ 19ರ ಹುಡುಗ. ಕಂಡಕ್ಟರ್ ವಿರುದ್ಧ ಗಲಾಟೆ ಎದ್ದಾಗ ಇವನನ್ನು ಹತ್ತಿಸಿದರು. ಇಡೀ 'ಐಡಾ' ಒಪೆರಾವನ್ನು ಪುಸ್ತಕ ನೋಡದೇ ನಡೆಸಿದ. ಕರೆ ಬಂದ ರಾತ್ರಿ ಸ್ಕೋರ್ ಓದೋಕೆ ಕೂತರೆ ಆಗಲ್ಲ, ಮೊದಲೇ ತಲೆಯಲ್ಲಿರಬೇಕು.

ಹೆಣ್ಣುಮಗಳು ಅನ್ನೋ ಚಿಂತೆ ನಿಮ್ಮ ಪ್ರಶ್ನೆಯಲ್ಲಿ ಇಲ್ಲ, ಮನೆಯಲ್ಲಿ ಯಾರಾದರೂ ಎತ್ತಿಯಾರು. ಈ ಬಾಗಿಲು ತಡವಾಗಿ ತೆರೆದದ್ದು ನಿಜ. ಅಮೆರಿಕದ ದೊಡ್ಡ ಆರ್ಕೆಸ್ಟ್ರಾ ಒಂದಕ್ಕೆ ಹೆಣ್ಣುಮಗಳು ಮುಖ್ಯಸ್ಥೆ ಆದದ್ದು 2007ರಲ್ಲಿ, ಬಾಲ್ಟಿಮೋರ್‌ನಲ್ಲಿ, ಮರಿನ್ ಆಲ್ಸಪ್. ಆದರೂ ತೆರೆದಿದೆ.

ಮೈಸೂರಿನವರಿಗಾದರೆ ಅರಮನೆ ಬ್ಯಾಂಡ್ ಇತ್ತು, ಲಂಡನ್ನಿನ ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾಕ್ಕೆ ಆಸರೆಯಾದ ಜಯಚಾಮರಾಜ ಒಡೆಯರ್ ಇದ್ದರು. ನಮ್ಮ ಕಡೆ ಮದುವೆ ಬ್ಯಾಂಡು ಮತ್ತು ಚರ್ಚಿನ ಕ್ವಾಯರ್ (ಹಾಡುವ ಗುಂಪು), ಅಷ್ಟೇ. ನಿಮ್ಮ ಹುಡುಗಿಗೆ ಎರಡನೆಯದು ಕೈಗೆ ಸಿಕ್ಕಿದೆ, ಅದು ಸಣ್ಣದಲ್ಲ. ಕೀಬೋರ್ಡಿನಿಂದ ಪಿಯಾನೋಗೆ ದಾಟಲಿ. ಕೀಲಿಯ ಭಾರವೇ ಬೇರೆ, ತಡ ಮಾಡಿದರೆ ಬೆರಳು ಒಗ್ಗಲ್ಲ. ಸ್ಟಾಫ್ ನೊಟೇಶನ್, ಅಂದರೆ ಐದು ಗೆರೆಯ ಮೇಲೆ ಸ್ವರ ಬರೆಯುವ ಲಿಪಿ, ಪಕ್ಕಾ ಆಗಲಿ. ಊದುವ ಅಥವಾ ತಂತಿಯ ಒಂದು ವಾದ್ಯ ಇರಲಿ, ಗುಂಪಿನೊಳಗೆ ಕೂತು ಇನ್ನೊಬ್ಬರ ಕೈ ನೋಡುವ ಕಷ್ಟ ತಿಳಿಯಬೇಕಲ್ಲ. ಜರ್ಮನ್ ಇಲ್ಲವೇ ಇಟಾಲಿಯನ್ ಮುಂದೆ ಬೇಕೇ ಬೇಕು. ಕಡ್ಡಿ ಕೊಡಿಸೋಕೆ ಅವಸರ ಬೇಡ, ಅದು ಕೊನೆಗೆ.

ಖರ್ಚು ಮಾಡುವ ಮೊದಲು ಒಂದು ಕೆಲಸ ಮಾಡಿ. ಈ ಕ್ರಿಸ್‌ಮಸ್‌ಗೆ ಒಂದೇ ಒಂದು ಹಾಡಿಗೆ ಕ್ವಾಯರ್ ಮುಂದೆ ಅವಳನ್ನು ನಿಲ್ಲಿಸೋಕೆ ಚರ್ಚಿನವರನ್ನು ಕೇಳಿ. ಅವಳ ಕೈ ನೋಡೋಕೆ ಹೋಗಬೇಡಿ, ಹಾಡುವವರ ಹೆಗಲು ನೋಡಿ. ಅವಳ ಕೈ ಮೇಲೇರಿದಾಗ ಆ ಹೆಗಲುಗಳೆಲ್ಲ ಒಟ್ಟಿಗೆ ಎದ್ದರೆ ಹೈದರಾಬಾದ್‌ನಲ್ಲಿ ಒಳ್ಳೆ ಪಿಯಾನೋ ಮೇಷ್ಟ್ರನ್ನು ಹುಡುಕೋಕೆ ಶುರು ಮಾಡಿ. ಬೀದರ್‌ನಿಂದ ಮೂರು ತಾಸಿನ ದಾರಿ.