ಎರಡೇ ಸುತ್ತಿಗೆ ನಿಲ್ಲುವ ಕ್ರ್ಯಾಂಕ್

ಸೈಕಲ್ಲಿಗೆ ಹೊಸ ಬಾಟಮ್ ಬ್ರಾಕೆಟ್ (ಪೆಡಲುಗಳ ನಡುವಿನ ಆಕ್ಸಲ್ ತಿರುಗುವ, ಫ್ರೇಮಿನ ತಳದ ಬೇರಿಂಗ್ ಜೋಡಣೆ) ಹಾಕಿಸಿದ ಮೇಲೆ ಕ್ರ್ಯಾಂಕ್, ಅಂದರೆ ಪೆಡಲ್ ಕೂರುವ ತೋಳು, ಎರಡೇ ಸುತ್ತಿಗೆ ನಿಲ್ಲುತ್ತಿದೆ, ಬೇರಿಂಗಿನ ಸೀಲ್ ಕಿತ್ತು ತೆಳು ಎಣ್ಣೆ ಬಿಡಲೇ, ಸೆರಾಮಿಕ್ ಬೇರಿಂಗ್ ಹಾಕಿಸಲೇ ಎಂದು ಕೇಳಿದ್ದೀರಿ. ಎರಡೂ ಬೇಡ. ಮೊದಲನೆಯದನ್ನು ನಾನು ಮಾಡಿ, ತೆರಬೇಕಾದದ್ದನ್ನು ತೆತ್ತಾಗಿದೆ.

ನನ್ನದು ತೀರ್ಥಹಳ್ಳಿ. ಗೆಳೆಯನೊಬ್ಬ ಬಳಸಿ ಬಿಟ್ಟ ರೋಡ್ ಸೈಕಲ್ ಕೊಂಡಿದ್ದೆ. ಅದರಲ್ಲಿದ್ದದ್ದು ಬಿಬಿ30 ಎಂಬ ಬಗೆಯ ಬಾಟಮ್ ಬ್ರಾಕೆಟ್. ಬೇರಿಂಗ್ ಕೂರುವ ಕಪ್ಪೂ ಇಲ್ಲ, ಥ್ರೆಡ್ಡೂ ಇಲ್ಲ, 42 ಮಿ.ಮೀ. ಹೊರವ್ಯಾಸದ ಎರಡು 6806 ಬೇರಿಂಗುಗಳನ್ನು ನೇರವಾಗಿ ಫ್ರೇಮಿಗೇ ಒತ್ತಿ ಕೂರಿಸಿ, ಅವುಗಳ ಮೂಲಕ 30 ಮಿ.ಮೀ. ದಪ್ಪದ ಅಲ್ಯೂಮಿನಿಯಂ ಆಕ್ಸಲ್ ತೂರಿಸಿರುತ್ತಾರೆ. ಹೊಸ ಬೇರಿಂಗ್ ಹಾಕಿಸಿದ ದಿನ ಸರಪಳಿ ಕಳಚಿ ಕ್ರ್ಯಾಂಕ್ ಬೀಸಿ ನೋಡಿದೆ. ಎರಡು ಸುತ್ತು, ನಿಂತಿತು. ವಿಡಿಯೋಗಳಲ್ಲಿ ನೋಡಿದರೆ ಬುಗುರಿಯಂತೆ ತಿರುಗುತ್ತದೆ! ದುಡ್ಡು ಕೊಟ್ಟು ಭಾರ ಹಾಕಿಸಿಕೊಂಡೆನಲ್ಲ ಎಂದು ರಾತ್ರಿ ನಿದ್ದೆ ಬರಲಿಲ್ಲ.

ಮರುದಿನ ಕ್ರ್ಯಾಂಕ್ ಕಳಚಿ, ಬ್ಲೇಡಿನ ತುದಿಯಿಂದ ಹೊರಬದಿಯ ಸೀಲುಗಳನ್ನು ಎಬ್ಬಿಸಿ ತೆಗೆದೆ. ಸೀಮೆಎಣ್ಣೆಯಲ್ಲಿ ಗ್ರೀಸ್ ತೊಳೆದು, ಹೊಲಿಗೆ ಯಂತ್ರದ ಎಣ್ಣೆಯನ್ನು ನಾಲ್ಕು ಹನಿ ಬಿಟ್ಟೆ. ಹೊರಗೆ ದೂಳು ತಡೆಯುವ ಮುಚ್ಚಳ ಹೇಗೂ ಇದೆಯಲ್ಲ ಎಂಬ ಧೈರ್ಯ. ಈಗ ಕ್ರ್ಯಾಂಕ್ ಹದಿನಾರು ಸುತ್ತು ತಿರುಗಿತು. ತಮ್ಮನನ್ನು ಕರೆದು ಎಣಿಸಿಯೂ ಆಯಿತು.

ಅದು ಜುಲೈ ತಿಂಗಳು. ಭಾನುವಾರ ಬಂದರೆ ಆಗುಂಬೆ, ಅಲ್ಲಿಂದ ಹದಿನಾಲ್ಕು ತಿರುವಿನ ಘಾಟಿ ಇಳಿದು ಸೋಮೇಶ್ವರ, ಮತ್ತೆ ಹತ್ತಿ ವಾಪಸ್. ಆಗುಂಬೆಯ ಮಳೆ ಎಂಥದ್ದೆಂದು ಹೇಳಬೇಕಾಗಿಲ್ಲ. ಮುಂದಿನ ಚಕ್ರ ಎರಚುವ ನೀರು ನೇರ ಬಂದು ಬೀಳುವುದು ಆ ಬೇರಿಂಗಿನ ಮೇಲೆಯೇ. ಮೂರನೇ ಭಾನುವಾರ ಘಾಟಿಯ ಅರ್ಧದಲ್ಲಿ ಒಳಗಿನಿಂದ ರಾಗಿಕಲ್ಲು ಬೀಸುವ ಸದ್ದು ಶುರುವಾಯಿತು. ನಾನು ಸೈಕಲ್ಲಿನಿಂದ ಇಳಿಯಲಿಲ್ಲ, ತುಳಿದೆ.

ಎಡವಟ್ಟು ಎಲ್ಲಿ ಆಯಿತೆಂದು ಬಿಡಿಸಿಯೇ ಹೇಳುತ್ತೇನೆ. ಕೈಯಲ್ಲಿ ತಿರುಗಿಸುವಾಗ ಕ್ರ್ಯಾಂಕಿನ ಮೇಲೆ ಭಾರವೇ ಇಲ್ಲ. ಆಗ ನಿಮಗೆ ತಾಗುವುದು ಸೀಲಿನ ರಬ್ಬರ್ ತುಟಿಯ ಉಜ್ಜಾಟ, ಹೊಸ ಗ್ರೀಸಿನ ಜಿಗುಟು, ಇಷ್ಟೇ. ತುಳಿಯುವ ಬಲ ಹೆಚ್ಚಿದರೆ ಆ ತಡೆ ಹೆಚ್ಚುವುದಿಲ್ಲ. ನೂರಿನ್ನೂರು ಕಿಲೋಮೀಟರ್ ಓಡಿದರೆ ತುಟಿ ಸವೆದು, ಗ್ರೀಸ್ ಹರಡಿ ಇನ್ನಷ್ಟು ಇಳಿಯುತ್ತದೆ. ಅಂದರೆ ಬೇರಿಂಗನ್ನು ಕಾಯುತ್ತಿದ್ದ ಎರಡನ್ನೂ ನಾನು ದೋಷವೆಂದು ತಿಳಿದು ಕಿತ್ತೆಸೆದಿದ್ದೆ. ತೆಳು ಎಣ್ಣೆ ಮೊದಲ ಮಳೆಗೇ ತೊಳೆದುಹೋಯಿತು. ನೀರು ನಿಂತಿತು, ಗುಂಡುಗಳು ತುಕ್ಕು ಹಿಡಿದವು, ಬೇರಿಂಗ್ ಕಚ್ಚಿಕೊಂಡಿತು. ಒಳಬಳೆ ತಿರುಗದಿದ್ದಾಗ ಆಕ್ಸಲ್ ಆ ಬಳೆಯೊಳಗೇ ತಿರುಗತೊಡಗಿತು. ಬಳೆ ಉಕ್ಕಿನದು, ಆಕ್ಸಲ್ ಅಲ್ಯೂಮಿನಿಯಂ; ಸವೆಯುವುದು ಯಾವುದು? ರಬ್ಬರ್ ಸುತ್ತಿಗೆಯಲ್ಲಿ ಹೊಡೆದು ಹೊರತೆಗೆದಾಗ ಆಕ್ಸಲ್ಲಿನ ಮೇಲೆ ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರು ಬಿದ್ದಿತ್ತು. ಬೇರಿಂಗಿಗಾದರೆ ಕೆಲವು ನೂರು ರೂಪಾಯಿ. ಕ್ರ್ಯಾಂಕ್ ಸೆಟ್ಟೇ ಹೋದ್ದರಿಂದ ಒಂಬತ್ತು ಸಾವಿರ.

ಇಷ್ಟೆಲ್ಲ ಮಾಡಿ ಉಳಿಸಿದ್ದೆಷ್ಟು ಎಂದು ಆಮೇಲೆ ಅಳೆದೆ. ನೀವೂ ಅಳೆಯಿರಿ. ಸರಪಳಿ ಕಳಚಿ, ಪೆಡಲ್ ಎರಡನ್ನೂ ಬಿಚ್ಚಿ, 170 ಮಿ.ಮೀ. ಕ್ರ್ಯಾಂಕನ್ನು ಅಡ್ಡಕ್ಕೆ ನಿಲ್ಲಿಸಿ, ಪೆಡಲ್ ತೂತಿಗೆ 50 ಗ್ರಾಂ ಸಾಸಿವೆ ಪೊಟ್ಟಣವನ್ನು ದಾರದಲ್ಲಿ ಕಟ್ಟಿ. ಕ್ರ್ಯಾಂಕ್ ತಾನಾಗಿ ಇಳಿದರೆ ತಡೆ 0.083 ನ್ಯೂಟನ್ ಮೀಟರಿಗಿಂತ ಕಡಿಮೆ. ನಿಮಿಷಕ್ಕೆ 80 ಸುತ್ತು ತುಳಿದರೆ ಅದು 0.7 ವ್ಯಾಟ್ ಕೂಡ ಆಗುವುದಿಲ್ಲ. ನೀವು ತುಳಿಯುವುದು 150 ವ್ಯಾಟ್ ಎಂದುಕೊಂಡರೂ ಅರ್ಧ ಶೇಕಡಾ ಇಲ್ಲ. ಕೊಳೆ ಹಿಡಿದ ಸರಪಳಿ ಇದರ ಎಷ್ಟೋ ಪಟ್ಟು ತಿನ್ನುತ್ತದೆ. ಸೆರಾಮಿಕ್ ಬೇರಿಂಗ್ ಉಳಿಸುವುದೆಂದರೆ ಈ ಚಿಲ್ಲರೆಯಲ್ಲೊಂದು ಪಾಲು.

ಆದ್ದರಿಂದ ಯಾವ ಬಾಟಮ್ ಬ್ರಾಕೆಟ್ ಹಗುರವಾಗಿ ತಿರುಗುತ್ತದೆ ಎನ್ನುವ ಪ್ರಶ್ನೆಯನ್ನೇ ಬಿಡಿ. ಮನೆಯಲ್ಲೇ ಯಾವುದನ್ನು ಬಿಚ್ಚಿ ಹಾಕಬಹುದು ಎಂದು ಕೇಳಿ. ಅಪ್ಪನ ಕಾಟರ್ ಪಿನ್ (ಕ್ರ್ಯಾಂಕನ್ನು ಆಕ್ಸಲ್ಲಿಗೆ ಪಿನ್ ಹೊಡೆದು ಕೂರಿಸುವ) ಸೈಕಲ್ಲಿನಲ್ಲಿ ಬದಿಗೆ ಹನ್ನೊಂದರಂತೆ ಕಾಲು ಇಂಚಿನ ಬಿಡಿ ಗುಂಡುಗಳಿದ್ದವು. ಅಂಗಡಿಯವರು ಪ್ರತಿ ಮಳೆಗಾಲ ಕಳೆದ ಮೇಲೆ ಸೀಮೆಎಣ್ಣೆ ತಟ್ಟೆಯಲ್ಲಿ ತೊಳೆದು, ಹೊಸ ಗ್ರೀಸಿನಲ್ಲಿ ಒಂದೊಂದಾಗಿ ಅಂಟಿಸಿ ಕೂರಿಸುತ್ತಿದ್ದರು. ಈಗ ಅಷ್ಟು ತಾಳ್ಮೆ ಬೇಕಿಲ್ಲ. ಬಾಟಮ್ ಬ್ರಾಕೆಟ್ ಕೂರುವ ಕೊಳವೆ 68 ಮಿ.ಮೀ. ಅಗಲವಿದ್ದು, ಅದರಲ್ಲಿ ಥ್ರೆಡ್ ಇರುವ ಫ್ರೇಮಾದರೆ, ಬೇರಿಂಗನ್ನು ಫ್ರೇಮಿನ ಹೊರಗೆ ಹಿಡಿಯುವ ಕಪ್, 24 ಮಿ.ಮೀ. ಉಕ್ಕಿನ ಆಕ್ಸಲ್ ಸಾಕು. ಸವೆದಾಗ ಕಪ್ ಬದಲಿಸಿದರಾಯಿತು. ಇಂಗ್ಲಿಷ್ ಥ್ರೆಡ್ಡಿನಲ್ಲಿ ಬಲಬದಿಯ ಕಪ್ ಉಲ್ಟಾ, ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಬಿಚ್ಚುತ್ತದೆ. ಇದನ್ನು ಮರೆತು ಫ್ರೇಮ್ ಕೆಡಿಸಿದವರಿದ್ದಾರೆ. ನಾನು ನನ್ನ ಫ್ರೇಮಿಗೆ ಎರಡು ಭಾಗ ಒಂದಕ್ಕೊಂದು ಥ್ರೆಡ್ಡಿನಲ್ಲಿ ಬಿಗಿಯುವ ಅಡಾಪ್ಟರ್ ಹಾಕಿಸಿಕೊಂಡು 24 ಮಿ.ಮೀ. ಆಕ್ಸಲ್ಲಿಗೆ ಬಂದೆ. ಮಳೆಯಲ್ಲಿ ಹೋಗಿ ಬಂದ ದಿನ ಸೀಟ್ ಪೋಸ್ಟ್ ಕಿತ್ತು ಸೈಕಲ್ಲನ್ನು ತಲೆಕೆಳಗೆ ನಿಲ್ಲಿಸುತ್ತೇನೆ, ಫ್ರೇಮಿನೊಳಗಿಂದ ಒಂದು ಲೋಟ ನೀರು ಹೊರಬಿದ್ದದ್ದೂ ಇದೆ.

ಇನ್ನು ನಿಮ್ಮ ಸಾಸಿವೆ ಪೊಟ್ಟಣ ಇಳಿಯದಿದ್ದರೆ ಬೇರಿಂಗನ್ನು ಬೈಯುವ ಮುನ್ನ ಎಡ ಕ್ರ್ಯಾಂಕಿನ ಪಕ್ಕ ಪ್ಲಾಸ್ಟಿಕ್ ಕ್ಯಾಪ್ ಇದ್ದರೆ ಅದನ್ನು ನೋಡಿ. ಅದನ್ನು ಬೆರಳಲ್ಲಿ ಬಿಗಿದಷ್ಟೇ ಬಿಗಿಯಬೇಕು. ಅಂಗಡಿಯಲ್ಲಿ ಜೋರಾಗಿ ತಿರುವಿರಬಹುದು. ಕ್ರ್ಯಾಂಕಿನ ಎರಡು ಬೋಲ್ಟ್ ಸಡಿಲಿಸಿ, ಕ್ಯಾಪ್ ತುಸು ಹಿಂದೆ ತಿರುಗಿಸಿ, ಕ್ರ್ಯಾಂಕ್ ಅಲುಗಾಡದಂತೆ ನೋಡಿಕೊಂಡು ಬೋಲ್ಟ್ ಮತ್ತೆ ಬಿಗಿದು ಇನ್ನೊಮ್ಮೆ ಪೊಟ್ಟಣ ಕಟ್ಟಿ.